ಕಾಯುವ ಲೋಕ, ಕಾಯದ ಲೋಕ

ನಮ್ಮ ಹಾಸ್ಟೆಲ್‌ ರೂಮಿನಲ್ಲಿ ಎರಡು ಪಕ್ಷಗಳಿವೆ. ಒಂದು ‘ಸ್ಕೈರಿಮ್‌’ ಪಕ್ಷ, ಇನ್ನೊಂದು ‘ವಿಚರ್‌ 3’ ಪಕ್ಷ. ಮೊದಲನೆಯದಕ್ಕೆ ಆನವಟ್ಟಿ ಕಡೆಯ ನನ್ನ ರೂಮ್‌ಮೇಟ್‌ ಅಧ್ಯಕ್ಷ, ಎರಡನೆಯದಕ್ಕೆ ನಾನು. ಸದಸ್ಯರೂ ನಾವಿಬ್ಬರೇ. ಮೆಸ್‌ನಲ್ಲಿ ತಟ್ಟೆಯ ಚಿತ್ರಾನ್ನ ತಣ್ಣಗಾದರೂ ವಾದ ಮುಗಿಯುವುದಿಲ್ಲ. ಅವನು ಸೊರಬ ತಾಲ್ಲೂಕಿನವನು, ನಾನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು. ಊರುಗಳ ಮಧ್ಯೆ ಇಲ್ಲದ ಗಡಿ ತಕರಾರು ಈ ಎರಡು ಗೇಮ್‌ಗಳ ಮಧ್ಯೆ ಇದೆ.

ನಿಜ ಹೇಳಬೇಕೆಂದರೆ ಮೊದಲು ನಾನೂ ಸ್ಕೈರಿಮ್‌ ಪಕ್ಷದವನೇ. ಆಮೇಲೆ ಪಕ್ಷಾಂತರ ಮಾಡಿದೆ. ಅದಕ್ಕೆ ಗ್ರಾಫಿಕ್ಸ್‌ ಕಾರಣವಲ್ಲ, ನಮ್ಮ ಅಜ್ಜಿ ಕಾರಣ. ಅದನ್ನು ಹೇಳುವುದಕ್ಕೇ ಈ ಬರಹ. ಪ್ಲೇಸ್‌ಮೆಂಟ್‌ ಹತ್ತಿರ ಬರುತ್ತಿರುವಾಗ ಇವನು ಗೇಮ್‌ ಕಥೆ ಹೇಳಲು ಕೂತಿದ್ದಾನಲ್ಲ ಎಂದುಕೊಳ್ಳಬೇಡಿ. ಕೊನೆಗೆ ಇದು ಪ್ಲೇಸ್‌ಮೆಂಟಿಗೂ ಸಂಬಂಧಪಟ್ಟ ಮಾತೇ.

ಎರಡು ಲೋಕಗಳು

ಗೇಮ್‌ ಆಡದವರಿಗಾಗಿ ಸ್ವಲ್ಪ ವಿವರ. ಇವೆರಡನ್ನೂ ‘ಓಪನ್‌ ವರ್ಲ್ಡ್‌’ ಗೇಮ್‌ ಎನ್ನುತ್ತಾರೆ. ಒಂದು ಹಂತ ಮುಗಿಸಿ ಮುಂದಿನ ಹಂತಕ್ಕೆ ಹೋಗುವ ಆಟವಲ್ಲ ಇದು. ಒಂದು ಇಡೀ ನಾಡನ್ನೇ ನಿಮ್ಮ ಮುಂದೆ ಹರಡಿ, ‘ಎಲ್ಲಿಗೆ ಬೇಕಾದರೂ ಹೋಗು’ ಎಂದು ಬಿಟ್ಟುಬಿಡುತ್ತಾರೆ. ಬೆಟ್ಟ, ಕಾಡು, ಸಂತೆ, ಪಾಳು ಗುಡಿ ಎಲ್ಲವೂ ಇರುತ್ತವೆ. ದಾರಿಯಲ್ಲಿ ಸಿಗುವ ಜನ ನಿಮಗೆ ಕೆಲಸ ಹೇಳುತ್ತಾರೆ. ಅದಕ್ಕೆ ‘ಕ್ವೆಸ್ಟ್‌’ ಎಂದು ಹೆಸರು. ನಾವು ಒಂದು ವೇಷ ಹಾಕಿಕೊಂಡು ಆ ನಾಡಿನೊಳಗೆ ಬದುಕಬೇಕು. ಬಯಲಾಟದಲ್ಲಿ ವೇಷ ಕಟ್ಟಿದವನು ಬೆಳಗಾಗುವವರೆಗೆ ಆ ಪಾತ್ರವೇ ಆಗಿರುತ್ತಾನಲ್ಲ, ಹಾಗೆ.

ಸ್ಕೈರಿಮ್‌ ಬಂದದ್ದು 2011ರ ನವೆಂಬರ್‌ 11ರಂದು. ಅಮೆರಿಕದ ಬೆಥೆಸ್ಡಾ ಕಂಪನಿಯ ‘ಎಲ್ಡರ್‌ ಸ್ಕ್ರೋಲ್ಸ್‌’ ಸರಣಿಯ ಐದನೇ ಗೇಮ್‌ ಅದು. ಹಿಮ ಸುರಿಯುವ ನಾಡು. ಕೈ ಕಟ್ಟಿ, ಗಾಡಿಯಲ್ಲಿ ಕೂರಿಸಿ, ನಿಮ್ಮನ್ನು ತಲೆ ಕಡಿಯಲು ಕರೆದೊಯ್ಯುತ್ತಿರುವಲ್ಲಿಂದ ಕಥೆ ಶುರುವಾಗುತ್ತದೆ. ಅಷ್ಟರಲ್ಲಿ ಡ್ರ್ಯಾಗನ್‌ ಬಂದು ಊರನ್ನು ಸುಡುತ್ತದೆ, ನೀವು ತಪ್ಪಿಸಿಕೊಳ್ಳುತ್ತೀರಿ. ಅಲ್ಲಿಂದ ಮುಂದೆ ಯಾರಾಗಬೇಕು, ಏನು ಮಾಡಬೇಕು ಎಲ್ಲ ನಿಮ್ಮ ಇಷ್ಟ. ಹತ್ತು ಜನಾಂಗಗಳಲ್ಲಿ ಯಾವುದಕ್ಕೆ ಬೇಕಾದರೂ ಸೇರಬಹುದು. ಹೆಸರು, ಮುಖ, ಮೂಗು ಎಲ್ಲ ನಾವೇ ಆರಿಸಬಹುದು.

ವಿಚರ್‌ 3 ಬಂದದ್ದು 2015ರ ಮೇ 19ರಂದು, ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್‌ ರೆಡ್‌ ಕಂಪನಿಯಿಂದ. ಆ ದೇಶದ ಲೇಖಕ ಆಂದ್ಜೇ ಸಪ್ಕೋವ್‌ಸ್ಕಿ ಬರೆದ ಕಥೆಗಳು ಅದಕ್ಕೆ ಆಧಾರ. ಮೊದಲ ಕಥೆ ಅಲ್ಲಿನ ಒಂದು ಪತ್ರಿಕೆಯಲ್ಲಿ ಬಂದದ್ದು 1986ರಲ್ಲಿ. ಇಲ್ಲಿ ನೀವು ಯಾರೆಂಬುದು ಮೊದಲೇ ನಿಗದಿ. ನಿಮ್ಮ ಹೆಸರು ಗೆರಾಲ್ಟ್‌, ಕೂದಲು ಬೆಳ್ಳಗೆ, ಉದ್ಯೋಗ ಕೂಲಿಗೆ ರಾಕ್ಷಸರನ್ನು ಕೊಲ್ಲುವುದು. ಸಾಕುಮಗಳು ಸಿರಿ ಕಾಣೆಯಾಗಿದ್ದಾಳೆ, ಅವಳನ್ನು ಹುಡುಕಬೇಕು. ಯುದ್ಧದಲ್ಲಿ ನುಜ್ಜುಗುಜ್ಜಾದ ಹಳ್ಳಿಗಳ ನಡುವೆ ಈ ಹುಡುಕಾಟ.

ಎರಡೂ ಜಗತ್ತಿನ ಹೆಸರಾಂತ ಗೇಮ್‌ಗಳೇ. 2023ರ ಹೊತ್ತಿಗೆ ಸ್ಕೈರಿಮ್‌ 6 ಕೋಟಿಗೂ ಹೆಚ್ಚು, ವಿಚರ್‌ 3 ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ ಎಂದು ಅವುಗಳ ತಯಾರಕರೇ ಹೇಳಿದ್ದಾರೆ. ಆದ್ದರಿಂದ ಯಾವುದು ಹಿಟ್‌, ಯಾವುದು ಫ್ಲಾಪ್‌ ಎಂಬ ಪ್ರಶ್ನೆ ಇಲ್ಲ. ಯಾವುದು ನಮ್ಮಂಥವರಿಗೆ ಏನು ಕಲಿಸುತ್ತದೆ ಎಂಬುದು ಪ್ರಶ್ನೆ.

ಎಲ್ಲವೂ ಆಗಬಹುದಾದ ನಾಡು

ಮೊದಲು ಸ್ಕೈರಿಮ್‌ನ ಒಳ್ಳೆಯ ಗುಣ ಹೇಳುತ್ತೇನೆ. ಅಲ್ಲಿ ಮಾಡಿದ್ದನ್ನೇ ಕಲಿಯುತ್ತೀರಿ. ಕತ್ತಿ ಬೀಸಿದರೆ ಕತ್ತಿವರಸೆ ಬೆಳೆಯುತ್ತದೆ, ಗಿಡಮೂಲಿಕೆ ಅರೆದರೆ ಔಷಧ ವಿದ್ಯೆ ಬೆಳೆಯುತ್ತದೆ. ಒಟ್ಟು 18 ಕೌಶಲಗಳು. ‘ನೀನು ಪಿಯುಸಿಯಲ್ಲಿ ಯಾವ ಕಾಂಬಿನೇಷನ್‌?’ ಎಂದು ಯಾರೂ ಕೇಳುವುದಿಲ್ಲ. ಇವತ್ತು ಬಿಲ್ಲುಗಾರ, ನಾಳೆ ಮಂತ್ರವಾದಿ, ನಾಡಿದ್ದು ಕಮ್ಮಾರ. ಸೈನ್ಸ್‌ ತೆಗೆದುಕೊಂಡ ದಿನದಿಂದ ‘ಮುಂದೇನು’ ಎಂದು ಕೇಳಿಸಿಕೊಂಡು ಸಾಕಾದ ನಮ್ಮಂಥವರಿಗೆ ಇದು ಮಳೆಗಾಲದ ಮೊದಲ ಮಳೆಯಷ್ಟು ಹಿತ.

ಇನ್ನೊಂದು ಗುಣ, ಅಲ್ಲಿನ ಅಲೆದಾಟ. ದೂರದಲ್ಲಿ ಒಂದು ಗೋಪುರ ಕಂಡರೆ ಅಲ್ಲಿಗೆ ನಡೆದುಹೋಗಬಹುದು. ದಾರಿಯಲ್ಲಿ ಒಂದು ಗುಹೆ, ಗುಹೆಯಲ್ಲಿ ಒಂದು ಹಳೆಯ ಡೈರಿ, ಡೈರಿಯಲ್ಲಿ ಇನ್ನೊಂದು ಜಾಗದ ಸುಳಿವು. ಹೊರಟ ಕೆಲಸವೇ ಮರೆತುಹೋಗುತ್ತದೆ. ನನ್ನ ರೂಮ್‌ಮೇಟ್‌ ‘ಇದೇ ಕಣೋ ಸ್ವಾತಂತ್ರ್ಯ’ ಎನ್ನುತ್ತಾನೆ. ಒಪ್ಪುತ್ತೇನೆ.

ಆದರೆ ಆ ಸ್ವಾತಂತ್ರ್ಯಕ್ಕೆ ಬೆಲೆಯೇ ಇಲ್ಲ. ಬೆರಳೆಣಿಕೆಯ ಮಂತ್ರ ಗೊತ್ತಿದ್ದರೂ ನೀವು ಮಂತ್ರವಿದ್ಯೆಯ ಕಾಲೇಜಿಗೆ ಮುಖ್ಯಸ್ಥರಾಗಬಹುದು. ಅದೇ ವಾರ ಯೋಧರ ಪಡೆಗೆ ನಾಯಕ, ಕಳ್ಳರ ಕೂಟಕ್ಕೂ ಯಜಮಾನ, ಕೊಲೆಗಡುಕರ ಗುಂಪಿಗೂ ದೊರೆ. ಒಂದು ಹುದ್ದೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಯಾರೂ ‘ನೀನು ಅಲ್ಲಿದ್ದವನಲ್ಲವಾ?’ ಎಂದು ಕೇಳುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಊರಬಾಗಿಲಿನ ಕಾವಲುಗಾರ ತನ್ನ ಮಂಡಿಗೆ ಬಾಣ ಬಿದ್ದ ಹಳೆಯ ಕಥೆಯನ್ನೇ ನನ್ನ ಮುಂದೆ ಹೇಳುತ್ತಾನೆ. ನಾನು ಆ ನಾಡನ್ನು ಉಳಿಸಿದ್ದೇನೆ, ಅವನಿಗೆ ನಾನು ಯಾರೋ ದಾರಿಹೋಕ.

ನಮ್ಮ ರೆಸ್ಯೂಮೆಗಳನ್ನು ನೋಡಿದಾಗ ಇದು ನೆನಪಾಗುತ್ತದೆ. ಪೈಥಾನ್‌ ಸರ್ಟಿಫಿಕೇಟ್‌, ಕ್ಲೌಡ್‌ ಸರ್ಟಿಫಿಕೇಟ್‌, ಡೇಟಾ ಸೈನ್ಸ್‌ ಸರ್ಟಿಫಿಕೇಟ್‌, ಎಐ ವರ್ಕ್‌ಶಾಪ್‌. ನನ್ನದರಲ್ಲಿ ಒಂಬತ್ತು ಇವೆ. ‘ಇದರಲ್ಲಿ ಯಾವುದನ್ನು ಬಳಸಿ ಏನು ಮಾಡಿದ್ದೀಯಾ?’ ಎಂದು ಮಾಕ್‌ ಇಂಟರ್‌ವ್ಯೂನಲ್ಲಿ ಸೀನಿಯರ್‌ ಒಬ್ಬರು ಕೇಳಿದರು. ಬಾಯಿ ಕಟ್ಟಿತು. ನಾನು ಒಂಬತ್ತು ಕೂಟಗಳ ಯಜಮಾನ, ಆದರೆ ಬೆರಳೆಣಿಕೆಯ ಮಂತ್ರವೂ ಬಾರದವನು.

ಬಾಣಲೆ ಕೇಳಿದ ಮುದುಕಿ

ವಿಚರ್‌ 3ರಲ್ಲಿ ಶುರುವಿನಲ್ಲೇ ಒಬ್ಬ ಮುದುಕಿ ಸಿಗುತ್ತಾಳೆ. ಅವಳ ಬಾಣಲೆಯನ್ನು ಯಾರೋ ಎರವಲು ತೆಗೆದುಕೊಂಡಿದ್ದಾನೆ, ಕೊಟ್ಟಿಲ್ಲ, ಗುಡಿಸಲಿಗೆ ಬಾಗಿಲು ಹಾಕಿದೆ. ಬಾಣಲೆ ವಾಪಸ್‌ ಬೇಕು. ಇಷ್ಟೇ ಕೆಲಸ. ಜಗತ್ತು ಉಳಿಸುವ ವೀರನಿಗೆ ಹೇಳುವ ಕೆಲಸವಾ ಇದು ಎಂದು ನಗು ಬಂತು. ಬಾಗಿಲು ಒಡೆದು ನೋಡಿದರೆ ಒಳಗೊಂದು ಹೆಣ, ಪಕ್ಕದಲ್ಲಿ ಉಜ್ಜಿ ತೊಳೆದಿಟ್ಟ ಬಾಣಲೆ. ಮುದುಕಿಗೆ ಅದು ಸಿಕ್ಕಿತು, ಸಮಾಧಾನವಾಯಿತು. ಯುದ್ಧ ನಡೆಯುತ್ತಿದ್ದರೂ ಸಂಜೆ ಒಲೆ ಹಚ್ಚಲೇಬೇಕಲ್ಲ!

ಆ ಲೋಕದ ಹಳ್ಳಿಗಳೆಲ್ಲ ಹೀಗೇ. ಊರಿನ ಮಧ್ಯೆ ನೋಟಿಸ್‌ ಬೋರ್ಡ್‌ ಇರುತ್ತದೆ. ‘ಬಾವಿಯ ಹತ್ತಿರ ದೆವ್ವವಿದೆ, ಓಡಿಸಿದವರಿಗೆ ಹಣ’ ಎಂಬಂಥ ಚೀಟಿಗಳು. ಗೆರಾಲ್ಟ್‌ ಹೋಗಿ ದರ ಚೌಕಾಸಿ ಮಾಡುತ್ತಾನೆ. ಬಡವರು ಇದ್ದಬದ್ದ ಚಿಲ್ಲರೆ ಒಟ್ಟು ಮಾಡಿ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವುದಾ, ಬಿಡುವುದಾ ಎಂಬುದೂ ನಮ್ಮ ತೀರ್ಮಾನ. ಚೀಲಗಟ್ಟಲೆ ಚಿನ್ನ ಗೆದ್ದದ್ದಕ್ಕಿಂತ ಹೆಚ್ಚಾಗಿ ಈ ಚಿಲ್ಲರೆ ದುಡ್ಡು ನನಗೆ ನೆನಪಿದೆ.

ಇನ್ನೊಂದು ಪ್ರಸಂಗ ಹೇಳಲೇಬೇಕು. ಗೇಮ್‌ ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ಒಂದು ಗುಡ್ಡದ ಕೆಳಗೆ, ಮರದ ಬೇರುಗಳಲ್ಲಿ ಒಂದು ಆತ್ಮ ಸಿಕ್ಕಿಕೊಂಡಿದೆ. ‘ನನ್ನನ್ನು ಬಿಡಿಸು, ಕೆಸರುಕಾಡಿನ ಅನಾಥ ಮಕ್ಕಳನ್ನು ಉಳಿಸುತ್ತೇನೆ’ ಎನ್ನುತ್ತದೆ. ನಂಬಬೇಕೋ, ಕೊಲ್ಲಬೇಕೋ? ನಾನು ಬಿಡಿಸಿದೆ. ಮಕ್ಕಳು ಉಳಿದರು. ಆದರೆ ಒಂದು ಹಳ್ಳಿ ಹಾಳಾಯಿತು. ಆ ಸೀಮೆಯ ಬ್ಯಾರನ್‌ನ ಹೆಂಡತಿ ಶಾಪಕ್ಕೆ ಸಿಕ್ಕು ಸತ್ತಳು. ಕೆಲವು ದಿನ ಬಿಟ್ಟು ಬ್ಯಾರನ್‌ನ ಕೋಟೆಗೆ ಹೋದರೆ ಅವನೂ ಮರಕ್ಕೆ ನೇಣು ಹಾಕಿಕೊಂಡಿದ್ದ. ಕೊಂದಿದ್ದರೆ? ಹೆಂಡತಿ ಬುದ್ಧಿ ಕಳೆದುಕೊಂಡಾದರೂ ಬದುಕುತ್ತಿದ್ದಳು, ಗಂಡ ಅವಳನ್ನು ಚಿಕಿತ್ಸೆಗೆ ಕರೆದೊಯ್ಯುತ್ತಿದ್ದ. ಮಕ್ಕಳು ಮಾತ್ರ ಉಳಿಯುತ್ತಿರಲಿಲ್ಲ. ಎರಡರಲ್ಲಿ ಯಾವುದು ಸರಿ ಎಂದು ಗೇಮ್‌ ಹೇಳುವುದಿಲ್ಲ. ತೀರ್ಮಾನ ತೆಗೆದುಕೊಂಡಾಗ ಏನೂ ಆಗಲಿಲ್ಲ, ಫಲ ಬಂದದ್ದು ಗಂಟೆಗಟ್ಟಲೆ ಆಡಿದ ಮೇಲೆ. ಹಿಂದಕ್ಕೆ ಹೋಗಿ ಬದಲಿಸೋಣವೆಂದರೆ ಅಷ್ಟು ಹಳೆಯ ಸೇವ್‌ ಫೈಲ್‌ ನನ್ನ ಹತ್ತಿರ ಇರಲಿಲ್ಲ.

ಒಂದು ಲೆಕ್ಕ

ಹಾಗಾದರೆ ಎಲ್ಲ ಗೇಮ್‌ಗಳೂ ಯಾಕೆ ಹೀಗೆ ಮಾಡುವುದಿಲ್ಲ? ನಾವು ಎಂಜಿನಿಯರಿಂಗ್‌ ಓದುವವರು, ಲೆಕ್ಕ ಹಾಕಿ ನೋಡೋಣ. ಒಂದು ಕಥೆಯಲ್ಲಿ ಹತ್ತು ಕಡೆ ‘ಇದೋ ಅದೋ’ ಎಂಬ ಆಯ್ಕೆ ಇದೆ, ಪ್ರತಿಯೊಂದೂ ಮುಂದಿನದರ ಮೇಲೆ ಪರಿಣಾಮ ಬೀರುತ್ತದೆ ಎಂದಿಟ್ಟುಕೊಳ್ಳಿ. ಎರಡರ ಘಾತ ಹತ್ತು, ಅಂದರೆ 1,024 ಬಗೆಯ ಕಥೆಗಳಾದವು. ಪ್ರತಿಯೊಂದಕ್ಕೂ ಮಾತು ಬರೆಯಬೇಕು, ದನಿ ಕೊಡಿಸಬೇಕು, ತಪ್ಪು ಹುಡುಕಬೇಕು. ಯಾವ ಕಂಪನಿಗೂ ಸಾಧ್ಯವಿಲ್ಲ. ಆದ್ದರಿಂದ ಒಂದನ್ನು ಬಿಡಲೇಬೇಕು. ಸ್ಕೈರಿಮ್‌ ಅಗಲ ಆರಿಸಿಕೊಂಡಿತು, ಪರಿಣಾಮ ಬಿಟ್ಟಿತು. ವಿಚರ್‌ 3 ಆಳ ಆರಿಸಿಕೊಂಡಿತು, ‘ನೀನು ಯಾರು ಬೇಕಾದರೂ ಆಗಬಹುದು’ ಎಂಬುದನ್ನು ಬಿಟ್ಟಿತು. ಗೇಮ್‌ ಮಾಡಿದವರಿಗೂ ಎರಡೂ ಬೇಕೆಂದರೆ ಸಿಗಲಿಲ್ಲ.

ರೂಮ್‌ಮೇಟ್‌ ಇಷ್ಟಕ್ಕೆ ಸುಮ್ಮನಾಗುವವನಲ್ಲ. ಅವನ ವಾದದಲ್ಲೂ ತೂಕವಿದೆ. ‘ನಿನ್ನ ಗೆರಾಲ್ಟ್‌ ಕಳೆದುಹೋದ ಮಗಳನ್ನು ಹುಡುಕುತ್ತಾ ಹೊರಟವನು ಊರೂರಲ್ಲಿ ಇಸ್ಪೀಟ್‌ ಆಡ್ತಾ ಕೂರ್ತಾನಲ್ಲ, ಅದಕ್ಕೇನಂತೀಯಾ?’ ಎಂದು ಕೇಳುತ್ತಾನೆ. ನಿಜ. ‘ಗ್ವೆಂಟ್‌’ ಎಂಬ ಎಲೆಯಾಟ ಆ ಗೇಮಿನೊಳಗೇ ಇದೆ, ವಾರಗಟ್ಟಲೆ ಅದನ್ನೇ ಆಡಿದರೂ ಸಿರಿಗೆ ಏನೂ ಆಗುವುದಿಲ್ಲ. ಅಲ್ಲಿಯ ಲೋಕವೂ ಒಂದಿಷ್ಟು ಕಾಯುತ್ತದೆ. ಆದರೆ ಎಲ್ಲಕ್ಕೂ ಕಾಯುವುದಿಲ್ಲ. ಮುಖ್ಯ ಕಥೆಯಲ್ಲಿ ‘ಐಲ್‌ ಆಫ್‌ ಮಿಸ್ಟ್ಸ್‌’ ಎಂಬ ದ್ವೀಪಕ್ಕೆ ಹೋಗುವ ಹೊತ್ತಿಗೆ, ಮುಗಿಸದೆ ಬಿಟ್ಟ ಕೆಲವು ಕೆಲಸಗಳು ವಿಫಲವಾದವೆಂದು ಪಟ್ಟಿಯಲ್ಲಿ ಬೀಳುತ್ತವೆ. ನಿಮ್ಮ ಸಹಾಯ ಕೇಳಿದ್ದವರಿಗೆ ಆಮೇಲೆ ಸಹಾಯ ಮಾಡಲಾಗುವುದಿಲ್ಲ.

ಅವನ ಎರಡನೇ ವಾದ ಇನ್ನೂ ಗಟ್ಟಿ. ಸ್ಕೈರಿಮ್‌ ಬಂದ ಮರುವರ್ಷವೇ, 2012ರಲ್ಲಿ, ಬೆಥೆಸ್ಡಾ ಆ ಗೇಮ್‌ ಕಟ್ಟಿದ ಸಲಕರಣೆಯನ್ನು ಆಡುವವರ ಕೈಗೇ ಕೊಟ್ಟಿತು. ಜನ ತಮ್ಮದೇ ಕಥೆಗಳನ್ನು ಅದರೊಳಗೆ ಕಟ್ಟಿದರು. ಆಸ್ಟ್ರೇಲಿಯಾದಲ್ಲಿ ವಕೀಲರಾಗಿದ್ದ ನಿಕ್‌ ಪಿಯರ್ಸ್‌ ಹಾಗೆ ಕಟ್ಟಿದ ‘ದಿ ಫಾರ್ಗಾಟನ್‌ ಸಿಟಿ’ 2016ರಲ್ಲಿ ಅಲ್ಲಿನ ಬರಹಗಾರರ ಸಂಘದ ಪ್ರಶಸ್ತಿ ಗೆದ್ದಿತು. 2021ರಲ್ಲಿ ಸ್ವತಂತ್ರ ಗೇಮ್‌ ಆಗಿಯೇ ಹೊರಬಂತು. ವಿಚರ್‌ 3ಕ್ಕೆ ಅಂಥ ಪೂರ್ಣ ಸಲಕರಣೆ ಸಿಕ್ಕಿದ್ದು 2024ರಲ್ಲಿ. ಕೆಲಸ ಹುಡುಕುವವರು ಇದನ್ನು ಗಮನಿಸಬೇಕು. ಆಡಿದ ಗಂಟೆಗಳು ರೆಸ್ಯೂಮೆಗೆ ಬರುವುದಿಲ್ಲ, ಕಟ್ಟಿದ್ದು ಬರುತ್ತದೆ. ಈ ಒಂದು ವಿಷಯದಲ್ಲಿ ನಾನು ಅವನಿಗೆ ಸೋತಿದ್ದೇನೆ.

ಏಳು ಸಾವಿರ ಮೆಟ್ಟಿಲು

ಈಗ ಅಜ್ಜಿಯ ವಿಷಯ.

ಮೂರನೇ ಸೆಮ್‌ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಕೊಡಿಸಿದ ಸೆಕೆಂಡ್‌ ಹ್ಯಾಂಡ್‌ ಲ್ಯಾಪ್‌ಟಾಪ್‌ ನನ್ನದು. ‘ಓದಕ್ಕೆ’ ಎಂದು ಕೊಡಿಸಿದ್ದು. ರಜೆಯ ತುಂಬ ಅದರಲ್ಲಿ ಸ್ಕೈರಿಮ್‌ ಓಡುತ್ತಿತ್ತು. ಅಜ್ಜಿ ಒಂದು ದಿನ ಬಾಗಿಲ ಹತ್ತಿರ ನಿಂತು, ‘ತಮ್ಮಾ, ಚಂದ್ರಗುತ್ತಿಗೆ ಒಂದ್ಸಲ ಕರ್ಕಂಡು ಹೋಗಾ. ಅಮ್ಮನ್ನ ನೋಡಿ ಭಾಳ ವರ್ಷ ಆತು. ಕಾಲು ಇನ್ನೂ ಗಟ್ಟಿ ಅದಾವು’ ಎಂದಳು. ಚಂದ್ರಗುತ್ತಿ ಸೊರಬ ತಾಲ್ಲೂಕಿನಲ್ಲಿದೆ. ರೇಣುಕಾಂಬೆಯ ಗುಡಿ ಇರುವುದು ಬೆಟ್ಟದ ಮೇಲೆ, ಬಂಡೆಯ ಗುಹೆಯಲ್ಲಿ. ಮೆಟ್ಟಿಲು ಹತ್ತಬೇಕು. ಬೈಕಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್‌ ಬರಬಹುದಾದ ಊರು. ‘ಆಯ್ತಜ್ಜಿ, ಬರೋ ವಾರ’ ಎಂದೆ. ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

ಆ ವಾರ ಸ್ಕೈರಿಮ್‌ನಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದು ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಆ ನಾಡಿನ ಅತಿ ಎತ್ತರದ ಬೆಟ್ಟದ ಮೇಲೆ ಒಂದು ಮಠವಿದೆ. ಅದಕ್ಕೆ ಏಳು ಸಾವಿರ ಮೆಟ್ಟಿಲು ಎಂದು ಹೆಸರಾದ ದಾರಿ. ಬೆಟ್ಟದ ಬುಡದ ಹಳ್ಳಿಯಲ್ಲಿ ಕ್ಲಿಮೆಕ್‌ ಎಂಬುವನಿದ್ದಾನೆ. ಮಠದ ಗುರುಗಳಿಗೆ ಸಾಮಾನು ಹೊತ್ತು ಮುಟ್ಟಿಸುವವನು. ಕಾಲು ಮೊದಲಿನ ಹಾಗಿಲ್ಲ, ನನ್ನ ಬದಲು ನೀನು ಹೊತ್ತೊಯ್ಯುತ್ತೀಯಾ ಎಂದು ಕೇಳುತ್ತಾನೆ. ನಾನು ಅವನ ಚೀಲ ಹೊತ್ತು, ಹಿಮದಲ್ಲಿ, ತೋಳಗಳ ಜೊತೆ ಹೊಡೆದಾಡಿ, ಅಷ್ಟೂ ದಾರಿ ಹತ್ತಿದೆ. ಸಾಮಾನು ಇಟ್ಟು ಬಂದು ಹೇಳಿದಾಗ ಅವನು ಖುಷಿಪಟ್ಟ. ನನಗೂ ಒಂದು ಪುಣ್ಯದ ಕೆಲಸ ಮಾಡಿದಷ್ಟೇ ಖುಷಿಯಾಯಿತು. ಆಗ ನಮ್ಮಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

ಬರೋ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಅಜ್ಜಿ ಇನ್ನೊಮ್ಮೆ ಕೇಳಲೂ ಇಲ್ಲ. ಕಾಲೇಜು ಶುರುವಾಗಿ ಹಾಸ್ಟೆಲಿಗೆ ಬಂದೆ. ಒಂದು ತಿಂಗಳಾಗಿರಬೇಕು, ಬಚ್ಚಲಲ್ಲಿ ಜಾರಿ ಬಿದ್ದು ಅಜ್ಜಿಯ ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲೇ ಆಪರೇಷನ್‌ ಆಯಿತು. ಈಗ ವಾಕರ್‌ ಹಿಡಿದು ಹಜಾರದಿಂದ ಹಿತ್ತಿಲವರೆಗೆ ನಡೆಯುತ್ತಾಳೆ. ಮೆಟ್ಟಿಲು ಹತ್ತುವ ಮಾತಿಲ್ಲ ಎಂದು ಡಾಕ್ಟರ್‌ ಹೇಳಿದ್ದಾರೆ.

ಸ್ಕೈರಿಮ್‌ನಲ್ಲಿ ಆ ಮಠದ ಗುರುಗಳು ಬೆಟ್ಟದ ಮೇಲಿಂದ ಇಡೀ ನಾಡಿಗೆ ಕೇಳುವಂತೆ ಗುಡುಗಿ ನಿಮ್ಮನ್ನು ಕರೆಯುತ್ತಾರೆ. ನೀವು ಮೂರು ತಿಂಗಳು ಬಿಟ್ಟು ಹೋದರೂ ಅವರು ಅಲ್ಲೇ ಇರುತ್ತಾರೆ. ಯಾಕೆ ತಡ ಎಂದು ಕೇಳುವುದಿಲ್ಲ. ಕ್ಲಿಮೆಕ್‌ ಕೂಡ ಎಷ್ಟು ದಿನ ಬೇಕಾದರೂ ಕಾಯುತ್ತಾನೆ, ಅವನ ಕಾಲು ಇನ್ನಷ್ಟು ಕೆಡುವುದಿಲ್ಲ. ಅದನ್ನು ನೂರು ಗಂಟೆ ಆಡಿ ನಾನು ಕಲಿತದ್ದು ಇದು: ಕೇಳಿದವರು ಕಾಯುತ್ತಾರೆ. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿಕೊಡಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು. ಗೇಮ್‌ ಮೇಲೆ ತಪ್ಪು ಹೊರಿಸುತ್ತಿಲ್ಲ. ತಪ್ಪು ನನ್ನದೇ. ಆದರೆ ಯಾವ ಅಭ್ಯಾಸ ಎಲ್ಲಿಂದ ಬಂತು ಎಂದು ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲವಲ್ಲ.

ವಿಚರ್‌ 3 ಆಡಿದ್ದು ಅದಾದ ಮೇಲೆ. ಬಾಣಲೆ ಕೇಳಿದ ಮುದುಕಿ ಎದುರಾದಾಗ ನಗು ಬಂತು ಎಂದೆನಲ್ಲ, ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಊರ ಕಲ್ಲುಗಳು

ನಮ್ಮೂರು ಕಲ್ಲುಗಳ ಊರು. ಕೇದಾರೇಶ್ವರ ಗುಡಿ, ತ್ರಿಪುರಾಂತಕ ಗುಡಿ, ಗಂಡಭೇರುಂಡದ ಕಂಬ ನೋಡಲು ಹೊರಗಿನಿಂದ ಜನ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಮಪ್ರಭುವಿನ ಊರು ಎಂದು ಹೇಳಿಕೊಳ್ಳಲು ನಮಗೂ ಹೆಮ್ಮೆ. ಚಿಕ್ಕಂದಿನಿಂದ ನೋಡಿ ನೋಡಿ ನನಗೆ ಅವು ಕ್ರಿಕೆಟ್‌ ಚೆಂಡು ಹೋಗಿ ಬೀಳುವ ಜಾಗಗಳಾಗಿದ್ದವು. ಇಲ್ಲಿ ಸ್ಕೈರಿಮ್‌ಗೆ ಒಂದು ಥ್ಯಾಂಕ್ಸ್‌ ಹೇಳಲೇಬೇಕು. ಪಾಳು ಗೋಪುರ ಕಂಡರೆ ಹತ್ತಿರ ಹೋಗಿ ನೋಡುವ ಚಟ ಹಿಡಿಸಿದ್ದು ಅದೇ. ಕಳೆದ ರಜೆಯಲ್ಲಿ ಮೊದಲ ಸಲ ಒಂದು ವೀರಗಲ್ಲಿನ ಮುಂದೆ ನಿಂತು ಪೂರ್ತಿ ನೋಡಿದೆ.

ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳು ರಾಜರದ್ದಲ್ಲ. ತುರುಗಳನ್ನು ಕದ್ದೊಯ್ಯುವವರನ್ನು ತಡೆದು ಸತ್ತವರದ್ದು, ಊರು ಕಾಯುತ್ತ ಸತ್ತವರದ್ದು. ಗೇಮಿನ ಭಾಷೆಯಲ್ಲಿ ಹೇಳಿದರೆ ಅದು ‘ಸೈಡ್‌ ಕ್ವೆಸ್ಟ್‌’, ನೆರೆಯವನ ಹಸು ಬಿಡಿಸಿಕೊಂಡು ಬರುವುದು. ಅಷ್ಟಕ್ಕೇ ಒಬ್ಬ ಮನುಷ್ಯ ಸತ್ತಿದ್ದಾನೆ, ಅಷ್ಟಕ್ಕೇ ಊರು ಅವನಿಗೊಂದು ಕಲ್ಲು ನಿಲ್ಲಿಸಿದೆ. ‘ನಾಳೆ ನೋಡೋಣ’ ಎಂದಿದ್ದರೆ ಹಸು ಸೀಮೆ ದಾಟಿರುತ್ತಿತ್ತು.

ಪಕ್ಕದ ತಾಳಗುಂದದಲ್ಲಿ ಇನ್ನೂ ಹಳೆಯ ಕಥೆ ಇದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ, ಐದನೇ ಶತಮಾನದ ಸಂಸ್ಕೃತ ಶಾಸನ. ಮಯೂರಶರ್ಮ ಎಂಬ ತರುಣ ಗುರು ವೀರಶರ್ಮನ ಜೊತೆ ಓದಲಿಕ್ಕೆಂದು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ಅವಮಾನ ತಡೆಯದೆ ಓದು ಬಿಟ್ಟು ಕತ್ತಿ ಹಿಡಿಯುತ್ತಾನೆ, ಕದಂಬ ರಾಜ್ಯ ಕಟ್ಟುತ್ತಾನೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಕಥೆ ಈಗ ಬೇರೆಯೇ ಆಗಿ ಕಂಡಿತು. ಅವನೂ ಹೆಚ್ಚುಕಡಿಮೆ ನಮ್ಮ ವಯಸ್ಸಿನ ವಿದ್ಯಾರ್ಥಿ ಆಗಿದ್ದಿರಬೇಕು. ರಾಜ್ಯ ಸಿಕ್ಕಿತು, ಆದರೆ ಘಟಿಕೆಯ ಓದು ಮತ್ತೆ ಸಿಗಲಿಲ್ಲ. ಒಂದು ಬಾಗಿಲು ತೆರೆದುಕೊಂಡಿತು, ಇನ್ನೊಂದು ಮುಚ್ಚಿತು. ಪಂಡಿತನೂ ಆಗಿ, ಸೇನಾನಿಯೂ ಆಗಿ, ಕಳ್ಳರ ಯಜಮಾನನೂ ಆಗುವ ಸೌಕರ್ಯ ಸ್ಕೈರಿಮ್‌ನಲ್ಲಿ ಮಾತ್ರ.

ನಮ್ಮ ಗೇಮ್‌ ಯಾವಾಗ?

ಇಷ್ಟು ಹೇಳಿದ ಕೂಡಲೇ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ, ‘ನಮ್ಮ ಕಡೆಯ ಕಥೆಯ ಗೇಮ್‌ ಯಾಕಿಲ್ಲ?’ ನಮ್ಮಲ್ಲಿ ಕೈಚಳಕಕ್ಕೆ ಕೊರತೆ ಇಲ್ಲ. ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್‌’ 1997ರಲ್ಲೇ ಶುರುವಾಯಿತು. ಹೊರದೇಶದ ದೊಡ್ಡ ದೊಡ್ಡ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟ ಕಂಪನಿ ಅದು. 2019ರಲ್ಲಿ ‘ಜಿಟಿಎ’ ಮಾಡುವ ರಾಕ್‌ಸ್ಟಾರ್‌ ಅದನ್ನು ಕೊಂಡುಕೊಂಡಿತು. ಆನಿಮೇಷನ್‌ ಮತ್ತು ಗೇಮಿಂಗ್‌ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ನಮ್ಮದು. ಅಂದರೆ ಬೇರೆಯವರ ಲೋಕಕ್ಕೆ ಮರ, ಮನೆ, ಕಾರು ಮಾಡಿಕೊಡುವುದು ನಮಗೆ ಗೊತ್ತಿದೆ.

ಪೋಲೆಂಡ್‌ನವರೂ ಸಣ್ಣದಾಗಿಯೇ ಶುರು ಮಾಡಿದ್ದು. ಸಿಡಿ ಪ್ರಾಜೆಕ್ಟ್‌ 1994ರಲ್ಲಿ ಹುಟ್ಟಿದಾಗ ಅವರ ಕೆಲಸ ಹೊರದೇಶದ ಗೇಮ್‌ಗಳ ಸಿಡಿ ಮಾರುವುದು. 1999ರಲ್ಲಿ ‘ಬಾಲ್ಡರ್ಸ್‌ ಗೇಟ್‌’ ಎಂಬ ಗೇಮನ್ನು ಪೂರ್ತಿ ಪೋಲಿಷ್‌ ಭಾಷೆಗೆ ತಂದು ಮಾರಿದರು, ಜನ ಮುಗಿಬಿದ್ದು ಕೊಂಡರು. ತಮ್ಮ ಭಾಷೆಯಲ್ಲಿ ಅಂಥ ಗೇಮ್‌ ಹೇಗೆ ಮಾತಾಡಬೇಕು ಎಂದು ತಿಳಿದ ಮೇಲೆ ತಮ್ಮದೇ ಗೇಮ್‌ ಮಾಡಿದರು. ವಿಚರ್‌ 3, ಸ್ಕೈರಿಮ್‌ ಎರಡೂ ಕನ್ನಡದಲ್ಲಿಲ್ಲ. ನಾನು ಗೆರಾಲ್ಟ್‌ನ ಮಾತನ್ನು ಇಂಗ್ಲಿಷಿನಲ್ಲೇ ಓದಿದೆ, ಅರ್ಧ ಡಿಕ್ಷನರಿ ಹಿಡಿದುಕೊಂಡು. ನಮ್ಮಲ್ಲಿ ಯಾರಾದರೂ ಮೊದಲು ಒಂದು ಸಣ್ಣ ಗೇಮನ್ನಾದರೂ ಕನ್ನಡಕ್ಕೆ ತರಬೇಕು. ಅದರ ಮಾತುಗಳನ್ನು ಯಾರು ಯಾರಿಗೆ ‘ನೀನು’ ಎನ್ನಬೇಕು, ಯಾರಿಗೆ ‘ನೀವು’ ಎನ್ನಬೇಕು ಎಂದು ಕೂತು ತೀರ್ಮಾನಿಸಬೇಕು. ಅಲ್ಲಿಂದ ಶುರು.

ಹಾಗೆ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಗಂಡಭೇರುಂಡವನ್ನು ದೊಡ್ಡದಾಗಿ ನಿಲ್ಲಿಸಿ, ಕತ್ತಿ ಹಿಡಿದ ವೀರನನ್ನು ಅದರ ಮೇಲೆ ಕೂರಿಸಿ, ‘ನಮ್ಮ ಪರಂಪರೆ’ ಎಂದು ಬರೆದರೆ ಅದು ಪೋಸ್ಟರ್‌ ಆಗುತ್ತದೆ ಅಷ್ಟೇ. ವಿಚರ್‌ 3 ನನ್ನ ಮನಸ್ಸಿನಲ್ಲಿ ಉಳಿದದ್ದು ಬಾಣಲೆಯಿಂದ. ನಮ್ಮ ಗೇಮಿನಲ್ಲೂ ಒಬ್ಬ ಅಜ್ಜಿ ಇರಲಿ. ಅವಳು ಒಂದೇ ಒಂದು ಸಲ ಕೇಳಲಿ. ಆಡುವವನು ಮೂರು ವಾರ ಬಿಟ್ಟು ಬಂದರೆ ಅವಳು ಅದೇ ಜಾಗದಲ್ಲಿ ನಿಂತಿರದಿರಲಿ.

ಹಾಗಾದರೆ ಯಾವುದು ಒಳ್ಳೆಯ ಗೇಮ್‌? ಪರೀಕ್ಷೆ ಮುಗಿದು ತಲೆ ಹಗುರ ಮಾಡಿಕೊಳ್ಳಬೇಕೆಂದರೆ ಸ್ಕೈರಿಮ್‌. ಸುತ್ತಲಿನದನ್ನು ಕಣ್ಣು ಬಿಟ್ಟು ನೋಡುವುದು ಕಲಿಯಬೇಕೆಂದರೂ ಸ್ಕೈರಿಮ್‌. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಒಂದೇ ಗೇಮ್‌ ಆಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ವಿಚರ್‌ 3. ‘ಎಲ್ಲವೂ ಆಗು, ನಿನಗೆ ಎಷ್ಟು ಹೊತ್ತು ಬೇಕಾದರೂ ಇದೆ’ ಎಂಬ ಮಾತನ್ನು ನಮಗೆ ಕೋಚಿಂಗ್‌ ಜಾಹೀರಾತುಗಳಿಂದ ಹಿಡಿದು ರೀಲ್ಸ್‌ವರೆಗೆ ಎಲ್ಲರೂ ಹೇಳುತ್ತಿದ್ದಾರೆ. ಒಂದನ್ನು ಆರಿಸಿದರೆ ಇನ್ನೊಂದು ಹೋಗುತ್ತದೆ, ತಡ ಮಾಡಿದರೂ ಹೋಗುತ್ತದೆ ಎಂದು ಹೇಳುವವರು ಕಡಿಮೆ. ಒಂಬತ್ತು ಸರ್ಟಿಫಿಕೇಟಿನಲ್ಲಿ ಎಂಟನ್ನು ನಾನು ರೆಸ್ಯೂಮೆಯಿಂದ ತೆಗೆದಿದ್ದೇನೆ. ಉಳಿದ ಒಂದರಲ್ಲಿ ಏನಾದರೂ ಕಟ್ಟುವ ಪ್ರಯತ್ನ ನಡೆದಿದೆ.

ಕಳೆದ ರಜೆಯಲ್ಲಿ ಅಪ್ಪನ ಸ್ನೇಹಿತರ ಓಮ್ನಿ ಕೇಳಿಕೊಂಡು ಅಜ್ಜಿಯನ್ನು ಚಂದ್ರಗುತ್ತಿಗೆ ಕರೆದುಕೊಂಡು ಹೋದೆ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ‘ನಾನು ಎತ್ಕಂಡು ಹೋಗ್ತೀನಿ ಬಾ’ ಎಂದರೆ ಒಪ್ಪಲಿಲ್ಲ. ಕೆಳಗಿನಿಂದಲೇ ಬಹಳ ಹೊತ್ತು ಕೈ ಮುಗಿದಳು. ನಾನೊಬ್ಬನೇ ಮೇಲೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆ. ಕುಂಕುಮ ಹಚ್ಚಿಕೊಂಡು, ‘ಅಮ್ಮ ಹೆಂಗೈದಾಳೆ?’ ಎಂದು ಕೇಳಿದಳು. ‘ಚೆನ್ನಾಗಿದಾಳಜ್ಜಿ’ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ನನಗೆ ಇನ್ನೂ ಸಾಕಾಗಿಲ್ಲ.